ತುರ್ತು ಅಂದ್ರೆ ಹೇಳ್ದೆ ಕೇಳ್ದೆ ಮಾಡೋದಲ್ಲ

ನನ್ನ ಕೆಲಸ ಏನು ಅಂತ ಯಾರಾದ್ರೂ ಕೇಳಿದ್ರೆ ಅಮ್ಮ "ಕಂಪ್ಯೂಟರ್ ಕಾಯ್ತಾಳೆ" ಅಂತಾಳೆ. ಸುಳ್ಳೇನಲ್ಲ. ಕಂಪನಿಯ ಸರ್ವರ್‌ಗಳಲ್ಲಿ ಏನೇ ಬದಲಾಯಿಸ್ಬೇಕಂದ್ರೂ ಮೊದಲು ಅರ್ಜಿ, ಆಮೇಲೆ ನಾಲ್ಕು ಜನರ ಒಪ್ಪಿಗೆ, ಆಮೇಲೆ ಕೆಲಸ. ಹಿರಿಯೂರಿನ ಮನೇಲಿ ಕೂತು ಈ ಅರ್ಜಿಗಳನ್ನ ನೋಡೋದೇ ನನ್ನ ನೌಕರಿ. ರಾತ್ರೋರಾತ್ರಿ ಏನಾದ್ರೂ ಕೆಟ್ಟು ನಿಂತ್ರೆ ಬೇರೆ ದಾರಿ ಐತೆ. ಅದಕ್ಕೆ ಎಮರ್ಜೆನ್ಸಿ ಚೇಂಜ್ ಅಂತೀವಿ.

ಅದು ಹೆಂಗೆ ಅಂತ ಅಮ್ಮಂಗೆ ಹೇಳೋಕೆ ನಮ್ಮ ತೋಟದ ಮೋಟ್ರೇ ಸಾಕಾಯ್ತು. ಹೋದ ಬೇಸಿಗೇಲಿ ಅದು ರಾತ್ರಿ ನಿಂತೋಯ್ತು. ಅಡಿಕೆ ಗಿಡ ಬಾಡ್ತಿದ್ವು, ತ್ರೀ ಫೇಸ್ ಕರೆಂಟ್ ಇರೋದು ಸ್ವಲ್ಪ ಹೊತ್ತು. ವೈರ್‌ಮನ್ ನೋಡಿ, "ಪ್ರಿವೆಂಟರ್ ಹೋಗೈತೆ, ಹೊಸದು ನಾಳೆನೇ ಸಿಗೋದು. ಈಗ ಡೈರೆಕ್ಟ್ ಕೊಡ್ಲಾ?" ಅಂದ. ಪ್ರಿವೆಂಟರ್ ಇಲ್ದಿದ್ರೆ ಒಂದು ಫೇಸ್ ಹೋದ್ರೂ ಮೋಟ್ರು ನಿಲ್ಲಲ್ಲ, ಕಾಯಿಲ್ ಸುಟ್ಟೋಗುತ್ತೆ. ಅಪ್ಪ, "ಕೊಡಪ್ಪ. ಯಾವ ವೈರ್ ಎಲ್ಲಿಂದ ಬಿಚ್ಚಿದೆ ಅಂತ ನಂಗೂ ತೋರ್ಸು" ಅಂದ್ರು. ಸ್ಟಾರ್ಟರ್ ಡಬ್ಬದ ಮೇಲೆ ಸೀಮೆಸುಣ್ಣದಲ್ಲಿ "ಪ್ರಿವೆಂಟರ್ ಇಲ್ಲ, ನಾಳೆ ಹಾಕಿಸ್ಬೇಕು" ಅಂತ ಬರೆದ್ರು. ನೀರು ಹರಿಯೋ ತನಕ ಪಕ್ಕದಲ್ಲೇ ಕೂತಿದ್ರು. ಮಾರನೇ ದಿನ ಹೊಸದು ಹಾಕಿಸಿ ಬರಹ ಅಳಿಸಿದ್ರು.

ಪಕ್ಕದ ತೋಟದಲ್ಲೂ ಹಿಂಗೇ ಡೈರೆಕ್ಟ್ ಕೊಟ್ಟಿದ್ರು. ಬರೆದಿಡಲಿಲ್ಲ, ಮರೆತೋಯ್ತು. ಮೂರು ತಿಂಗಳಿಗೆ ಮೋಟ್ರು ಸುಟ್ಟು, ಬೋರ್‌ನಿಂದ ಎತ್ತಿಸಿ ರಿವೈಂಡಿಂಗ್ ಮಾಡಿಸೋ ಹೊತ್ತಿಗೆ ಎಳೇ ಗಿಡಗಳು ಹೋಗಿದ್ವು.

ನಮ್ಮ ಆಫೀಸಿನ ನಿಯಮವೂ ಅಪ್ಪ ಮಾಡಿದ್ದೇ. ತುರ್ತಲ್ಲಿ ಒಪ್ಪಿಗೆಯನ್ನ ಫೋನಲ್ಲಿ ತಗೋಬಹುದು, ಅರ್ಜಿ ಆಮೇಲೆ ತುಂಬಬಹುದು, ಪರೀಕ್ಷೆ ಚಿಕ್ಕದು ಮಾಡಬಹುದು. ಆದ್ರೆ ಒಪ್ಪೋಕೆ ಒಬ್ಬರು ಇರಲೇಬೇಕು, ಹಿಂದಕ್ಕೆ ಹೋಗೋ ದಾರಿ ಗೊತ್ತಿರಬೇಕು, ಮಾಡಿದ್ದನ್ನ ಬರೆದಿಡಬೇಕು.

ಹಿಂದಕ್ಕೆ ಹೋಗೋ ದಾರಿ ಕಷ್ಟ ಆದ್ರೆ ಏನಾಗುತ್ತೆ ಅಂತ 2024ರ ಜುಲೈ 19ರಂದು ಲೋಕವೇ ನೋಡ್ತು. ಕ್ರೌಡ್‌ಸ್ಟ್ರೈಕ್ ಕಂಪನಿ ಕಳಿಸಿದ ಒಂದು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನ ಕೈಯಲ್ಲಿ ಬರೆದು ಕೊಟ್ರು. ಅದು ತುರ್ತಿನ ಬದಲಾವಣೆಯೂ ಅಲ್ಲ, ದಿನಾ ಹೋಗೋ ಅಪ್‌ಡೇಟ್. ಆದ್ರೆ ಎಲ್ಲರಿಗೂ ಒಂದೇ ಸಲ ಹೋಯ್ತು. ಕಂಪನಿ 78 ನಿಮಿಷದಲ್ಲಿ ವಾಪಸ್ ತಗೊಂಡ್ತು. ಅಷ್ಟರಲ್ಲಿ ನಿಂತಿದ್ದ ಎಷ್ಟೋ ಕಂಪ್ಯೂಟರ್‌ಗಳ ಮುಂದೆ ಜನ ಹೋಗಿ ಕೂತು, ಒಂದೊಂದಾಗಿ ಆ ಕೆಟ್ಟ ಫೈಲ್ ಅಳಿಸ್ಬೇಕಾಯ್ತು. ದಿನಗಟ್ಟಲೆ ಹಿಡೀತು.

ಇದನ್ನೆಲ್ಲ ಕೇಳಿ ಅಮ್ಮ, "ಹಂಗಾದ್ರೆ ನೀನು ಸೀಮೆಸುಣ್ಣ ಹಿಡ್ಕೊಂಡು ಕೂತಿರೋಳು ಅನ್ನು" ಅಂದ್ಲು. ಹೂ ಕಣಮ್ಮ, ಅದೇ.

ನಿಮ್ಮನೇಲೂ "ಸದ್ಯಕ್ಕೆ ಇರ್ಲಿ" ಅಂತ ಸುತ್ತಿಟ್ಟ ವೈರ್ ಎಲ್ಲಾದ್ರೂ ಇರುತ್ತೆ. ನೆನಪಿರೋವಾಗ್ಲೇ ವೈರ್‌ಮನ್ ಕರೆಸಿ ಸರಿ ಮಾಡಿಸ್ಬಿಡಿ.