ಜಿಲ್ಲಾ ಪಂಚಾಯಿತಿಯಲ್ಲಿ ನಮ್ಮವರು

ಅಬ್ದುಲ್ ನಜೀರ್ ಸಾಬ್ ಅಂದರೆ ತಟ್ಟನೆ ಹೊಳೆಯದ ಹಿರಿಯರಿಗೂ ‘ನೀರ್ ಸಾಬ್’ ಅಂದರೆ ಮುಖ ಅರಳುತ್ತದೆ. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ಊರೂರಿಗೆ ಬೋರ್‌ವೆಲ್ ಕೊರೆಸಿದ ಪುಣ್ಯಾತ್ಮರು. ಆ ನೀರು ನೆನಪಿದೆ. ಅವರೇ ತಂದ ಜಿಲ್ಲಾ ಪರಿಷತ್ತು ಮಾತ್ರ ಮರೆತಂತಾಗಿದೆ. 1983ರ ಕಾಯ್ದೆ, 1987ರ ಚುನಾವಣೆ. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೈಕೆಳಗೆ ಜಿಲ್ಲಾಧಿಕಾರಿಗಿಂತ ಸೇವೆಯಲ್ಲಿ ಹಿರಿಯರಾದ ಮುಖ್ಯ ಕಾರ್ಯದರ್ಶಿ, ಸ್ಥಾನಗಳಲ್ಲಿ ಕಾಲುಭಾಗ ಹೆಣ್ಣುಮಕ್ಕಳಿಗೆ. ಪಂಚಾಯಿತಿಗಳಿಗೆ ಸಂವಿಧಾನದ ಬಲ ಕೊಟ್ಟ 73ನೇ ತಿದ್ದುಪಡಿ ಜಾರಿಯಾದದ್ದು 1993ರಲ್ಲಿ. ನಾವು ಅದಕ್ಕೂ ಮುಂಚೆ ಇಷ್ಟು ಮಾಡಿದ್ದೆವು ಎಂದು ಹೇಳಿಕೊಳ್ಳಲು ನನಗೆ ಬಲು ಹೆಮ್ಮೆ.

ಅದೇ ವರ್ಷದ ಹೊಸ ಕಾಯ್ದೆಯಿಂದ ಪರಿಷತ್ತು ಹೋಗಿ ಜಿಲ್ಲಾ ಪಂಚಾಯಿತಿ ಬಂತು. ಜನ ನೇರವಾಗಿ ಆರಿಸಿದ ಸದಸ್ಯರ ಜೊತೆ ಶಾಸಕರು, ಸಂಸದರು, ತಾಲ್ಲೂಕು ಪಂಚಾಯಿತಿ ಅಧ್ಯಕ್ಷರೂ ಕೂರುತ್ತಾರೆ. ಕಡತ ನೋಡಲು ಸಿಇಒ, ವಿಷಯಕ್ಕೊಂದು ಸ್ಥಾಯಿ ಸಮಿತಿ. ಆದರೆ ಇದರ ಜೀವ ಇರುವುದು ಎರಡು ತಿಂಗಳಿಗೊಮ್ಮೆಯಾದರೂ ಸೇರಬೇಕಾದ ಸಾಮಾನ್ಯ ಸಭೆಯಲ್ಲಿ. ಹೋದ ಸಭೆಯ ಅನುಪಾಲನಾ ವರದಿ ಕೈಗೆತ್ತಿಕೊಂಡು, ‘ನಮ್ಮೂರ ಶಾಲೆ ಸೋರುತ್ತೆ ಅಂತ ಆಗಲೇ ಹೇಳಿದ್ನಲ್ಲ, ಏನ್ ಕ್ರಮ ತಗೊಂಡ್ರಿ?’ ಎಂದು ಸದಸ್ಯೆಯೊಬ್ಬಳು ಎದ್ದು ನಿಂತರೆ ಅಧಿಕಾರಿ ಉತ್ತರ ಕೊಡಲೇಬೇಕು. ಅನುದಾನದ ದೊಡ್ಡ ಪಾಲು ಸಂಬಳಕ್ಕೇ ಸರಿಹೋಗುತ್ತದೆ, ನಿಜ. ಆದರೂ ಆ ಪ್ರಶ್ನೆಗೆ ಬೆಲೆ ಕಟ್ಟಲಾಗದು. ಜಿಲ್ಲಾ ಉಸ್ತುವಾರಿ ಸಚಿವರು ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆ ಇದೆಯಲ್ಲ ಅನ್ನುವವರಿದ್ದಾರೆ. ಅಲ್ಲಿ ಪ್ರಶ್ನೆ ಮೇಲಿನಿಂದ ಬರುತ್ತದೆ, ಇಲ್ಲಿ ಊರಿನಿಂದ.

2016ರಲ್ಲಿ ಆರಿಸಿದವರ ಅವಧಿ 2021ಕ್ಕೆ ಮುಗಿಯಿತು. ಚುನಾವಣೆ ಸಕಾಲಕ್ಕೆ ಬರಲಿಲ್ಲ. ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿ ಎಂದು ಮುಂದೆ ಹೋಗುತ್ತಲೇ ಇತ್ತು. ಸದಸ್ಯರ ಜಾಗಕ್ಕೆ ಆಡಳಿತಾಧಿಕಾರಿ ಬಂದರು. ಅವರು ಎಷ್ಟೇ ದಕ್ಷರಿರಲಿ, ಸೋರುವ ಶಾಲೆಯ ಊರಿಗೆ ಓಟು ಕೇಳಲು ಮತ್ತೆ ಹೋಗಬೇಕಾದವರಲ್ಲ. ಜಿಲ್ಲಾ ಯೋಜನಾ ಸಮಿತಿಯ ಪಾಡೂ ಇದೇ. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರನ್ನು ಜಿಲ್ಲಾ ಪಂಚಾಯಿತಿ ಮತ್ತು ನಗರಸಂಸ್ಥೆಗಳ ಚುನಾಯಿತರೇ ತಮ್ಮೊಳಗಿಂದ ಆರಿಸಬೇಕು. ಪಂಚಾಯಿತಿ ಸದಸ್ಯರೇ ಇಲ್ಲದಿದ್ದರೆ ಹಳ್ಳಿಯ ಪರ ಆರಿಸುವವರು ಯಾರು?

ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನದ 243-ಇ ವಿಧಿ ಹೇಳುತ್ತದೆ. ಕ್ಷೇತ್ರದ ಗಡಿ, ಮೀಸಲು ಪಟ್ಟಿಯ ಕೆಲಸವನ್ನು ನಾಲ್ಕನೇ ವರ್ಷದಲ್ಲೇ ಶುರು ಮಾಡಿಬಿಟ್ಟರೆ ಐದನೇ ವರ್ಷಕ್ಕೆ ಯಾವ ಸರ್ಕಾರಕ್ಕೂ ನೆಪ ಉಳಿಯದು.