ಮೊಳೆಗೆ ತೂಗಿದ ಕೀಲಿಕೈ

ಲೋಕದ ಕನಿಕರಕ್ಕೆ ಪಾತ್ರವಾಗುವ ಕಾಯಿಲೆಗಳೇ ಬೇರೆ, ಲೋಕದ ಸಂಶಯಕ್ಕೆ ಗುರಿಯಾಗುವ ಕಾಯಿಲೆಗಳೇ ಬೇರೆ. ಕಾಲು ಮುರಿದವನಿಗೆ ಬಸ್ಸಿನಲ್ಲಿ ಎದ್ದು ಜಾಗ ಕೊಡುವವರುಂಟು. ಜ್ವರ ಬಂದವನ ಹಣೆ ಮುಟ್ಟಿ ನೋಡಿ ಮರುಗುವವರುಂಟು. ಆದರೆ ಹೊರಗೆ ಯಾವ ಕುರುಹನ್ನೂ ತೋರದೆ, ಬೆಳಿಗ್ಗೆ ಒಂದು ಬಗೆ, ಸಂಜೆ ಒಂದು ಬಗೆಯಾಗಿ ಮೈಯೊಳಗೇ ಆಟವಾಡುವ ವ್ಯಾಧಿ ಅಂಟಿದವರ ಪಾಡು ಹಾಗಲ್ಲ. ನಿನ್ನೆ ನಡೆದಾಡಿದವರು ಇಂದು ಕುಳಿತರೆ ಸೋಮಾರಿತನವೆನ್ನುತ್ತಾರೆ. ಇಂದು ಕುಳಿತವರು ನಾಳೆ ನಡೆದರೆ ಕಾಯಿಲೆಯೇ ಸುಳ್ಳೆನ್ನುತ್ತಾರೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರವ್ಯಾಧಿ ಈ ಎರಡನೆಯ ಜಾತಿಯದು. ಅಂಥ ವ್ಯಾಧಿಯುಳ್ಳವರು ಕಾರನ್ನು ನಡೆಸಬಹುದೇ ಎಂಬುದು ಮೇಲುನೋಟಕ್ಕೆ ವೈದ್ಯರೂ ಸಾರಿಗೆ ಕಚೇರಿಯವರೂ ಬಿಡಿಸಬೇಕಾದ ಪ್ರಶ್ನೆ. ಆದರೆ ಅದರ ಬಹುಪಾಲು ತೀರ್ಮಾನವಾಗುವುದು ಮನೆಯ ನಡುಮನೆಯಲ್ಲಿ, ನಾಲ್ಕು ಜನರ ನಡುವೆ. ಮದ್ದೂರು ತಾಲ್ಲೂಕಿನ ಕೊಪ್ಪದ ಒಂದು ಮನೆಯ ಸಂಗತಿ ಅದಕ್ಕೆ ಸಾಕ್ಷಿ.

ಮೊದಲು ವ್ಯಾಧಿಯ ಮಾತು. ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ವೈದ್ಯ ಶಾರ್ಕೋ 1868ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ಗುರುತಿಸಿ ವಿವರಿಸಿದ. ಪಂಪ್‌ಸೆಟ್ಟಿನ ತಂತಿಯ ಮೇಲಣ ಹೊದಿಕೆಯನ್ನು ಇಲಿ ಕಡಿದರೆ ಏನಾಗುತ್ತದೆಂಬುದನ್ನು ಮಂಡ್ಯ ಸೀಮೆಯ ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ. ಮೆದುಳಿನಲ್ಲಿಯೂ ಬೆನ್ನುಹುರಿಯಲ್ಲಿಯೂ ಇರುವ ನರತಂತುಗಳಿಗೆ ಮೈಲಿನ್ ಎಂಬ ಅಂಥದೇ ಒಂದು ಹೊದಿಕೆಯುಂಟು. ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ದಾರಿತಪ್ಪಿ ಆ ಹೊದಿಕೆಯನ್ನು ಅಲ್ಲಲ್ಲಿ ಕಡಿಯುತ್ತದೆ. ಆಗ ಮೆದುಳು ಕಳಿಸಿದ ಅಪ್ಪಣೆ ಕಾಲಿಗೆ ತಡವಾಗಿ ತಲಪುತ್ತದೆ, ಇಲ್ಲವೆ ಅರ್ಧದಾರಿಯಲ್ಲೇ ನಿಲ್ಲುತ್ತದೆ. ಇದು ಅಂಟುರೋಗವಲ್ಲ. ಇಪ್ಪತ್ತರಿಂದ ನಲವತ್ತರೊಳಗಿನ ವಯಸ್ಸಿನಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. 2020ರ ಲೆಕ್ಕದಂತೆ ಜಗತ್ತಿನಲ್ಲಿ ಸುಮಾರು 28 ಲಕ್ಷ ಜನರಿಗೆ ಈ ವ್ಯಾಧಿಯಿತ್ತು.

ಕೊಪ್ಪದ ಆ ಮನೆಯ ಸೊಸೆ ಶಾಲೆಯ ಉಪಾಧ್ಯಾಯಿನಿ. ಶಾಲೆ ಇರುವುದು ಒಳಗಿನ ಹಳ್ಳಿಯೊಂದರಲ್ಲಿ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೂವತ್ತನೆಯ ವಯಸ್ಸಿನಲ್ಲಿ ಅವರು ಹಟ ಹಿಡಿದು ಕಾರು ಕಲಿತರು. ಸಾಲ ಮಾಡಿ ಸಣ್ಣದೊಂದು ಹಳೆಯ ಕಾರನ್ನು ಕೊಂಡರು. ಅವರ ಬೀದಿಯಲ್ಲಿ ಅದುವರೆಗೆ ಹೆಂಗಸರು ಸ್ಟೀರಿಂಗ್ ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ. ಗಂಡ ಕಬ್ಬಿನ ಬೇಸಾಯದವರು. ಅವರಿಗೆ ಮೋಟಾರ್ ಸೈಕಲ್ ಬಿಟ್ಟರೆ ಬೇರೆ ವಾಹನ ಬಾರದು. ಹೀಗಾಗಿ ಅತ್ತೆಯನ್ನು ಮದ್ದೂರಿನ ಡಾಕ್ಟರ ಬಳಿಗೆ ಕರೆದೊಯ್ಯುವುದು, ಮಗಳನ್ನು ಪರೀಕ್ಷೆಗೆ ಮುಟ್ಟಿಸುವುದು, ಮಳೆಗಾಲದ ರಾತ್ರಿ ನೆರೆಮನೆಯ ಬಸುರಿಯನ್ನು ಆಸ್ಪತ್ರೆಗೆ ಸೇರಿಸುವುದು ಎಲ್ಲವೂ ಉಪಾಧ್ಯಾಯಿನಿಯ ಪಾಲಿಗೆ ಬಂದಿತ್ತು. 'ಟೀಚರಮ್ಮನ ಕಾರು' ಎಂದರೆ ಬೀದಿಗೆಲ್ಲ ಒಂದು ಧೈರ್ಯ.

ಮೂವತ್ತಾರನೆಯ ವರ್ಷದಲ್ಲಿ ಒಂದು ಬೆಳಿಗ್ಗೆ ಅಂಗಳದ ದಾಸವಾಳ ಅವರ ಬಲಗಣ್ಣಿಗೆ ಕೆಂಪಾಗಿ ಕಾಣಲಿಲ್ಲ. ಎಡಗಣ್ಣಿಗೆ ನೆತ್ತರಿನಂತಿದ್ದ ಹೂವು ಬಲಗಣ್ಣಿಗೆ ತೊಳೆದು ಮಾಸಿದ ಬಟ್ಟೆಯಂತೆ ಕಂಡಿತು. ಕಣ್ಣನ್ನು ಹೊರಳಿಸಿದರೆ ನೋವು. ಕನ್ನಡಕದ ಅಂಗಡಿ, ಕಣ್ಣಿನ ವೈದ್ಯರು, ಮಂಡ್ಯದ ಆಸ್ಪತ್ರೆ, ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್ ಸೇರಿದರು. ಎಂ.ಆರ್.ಐ. ಚಿತ್ರದಲ್ಲಿ ಮೆದುಳಿನ ಮೇಲೆ ಅಲ್ಲಲ್ಲಿ ಬಿಳಿಯ ಚುಕ್ಕೆಗಳು ಕಂಡವು. ರೋಗಕ್ಕೆ ಹೆಸರು ಸಿಕ್ಕಿತು. ನರದ ಮೂಲಕ ಕೊಟ್ಟ ಸ್ಟಿರಾಯ್ಡ್ ಔಷಧದಿಂದ ಕೆಲವು ವಾರಗಳಲ್ಲಿ ದೃಷ್ಟಿ ಬಹುಮಟ್ಟಿಗೆ ಮರಳಿತು. ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲ. ಮತ್ತೆ ಮತ್ತೆ ಮರುಕಳಿಸದಂತೆ ತಡೆಯಲು ಔಷಧಗಳಿವೆ. ಹೀಗೆಂದು ವೈದ್ಯರು ವಿವರಿಸಿ, ಕೈಕಾಲು, ಕಣ್ಣು ಸ್ವಾಧೀನದಲ್ಲಿರುವ ದಿನ ಕಾರು ನಡೆಸಬಹುದು, ಇಲ್ಲದ ದಿನ ಮುಟ್ಟಲೇಬಾರದು ಎಂದು ಹೇಳಿ ಕಳಿಸಿದರು.

ಗಂಡನಿಗೆ ಆ ಮಾತಿನ ಮೊದಲರ್ಧ ಕೇಳಿಸಲೇ ಇಲ್ಲ. ಊರಿಗೆ ಬಂದ ರಾತ್ರಿಯೇ ಅವರು ಕಾರಿನ ಕೀಲಿಕೈಯನ್ನು ಬೀರುವಿನೊಳಗೆ, ಪಹಣಿ ಪತ್ರಗಳ ಅಡಿಯಲ್ಲಿ ಬಚ್ಚಿಟ್ಟರು. ಪ್ರೀತಿಯಿಂದಲೇ ಬಚ್ಚಿಟ್ಟರು. ಅವರ ಭಯಕ್ಕೆ ಕಾರಣವಿಲ್ಲದೆಯೂ ಇರಲಿಲ್ಲ. ಆ ಸೀಮೆಯ ರಸ್ತೆಗಳ ಪಕ್ಕದಲ್ಲಿ ನೀರು ತುಂಬಿದ ನಾಲೆಗಳು. ಕಬ್ಬು ಕಡಿಯುವ ಕಾಲದಲ್ಲಿ ಹಿಂದೆ ದೀಪವಿಲ್ಲದೆ ತೆವಳುವ ಟ್ರಾಕ್ಟರುಗಳು. ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ಹರಡಿದ ರಾಗಿಯ ತೆನೆ, ಹುರುಳಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ ಮೂವತ್ತು ಮಂದಿ ಸತ್ತರು. ಆ ದುರಂತಕ್ಕೂ ಈ ಕಾಯಿಲೆಗೂ ಸಂಬಂಧವಿಲ್ಲ. ಆದರೆ ವಾಹನವೊಂದು ಕ್ಷಣಕಾಲ ಹತೋಟಿ ತಪ್ಪಿದರೆ ಏನಾದೀತೆಂಬುದನ್ನು ಮಂಡ್ಯದ ಜನ ಕಣ್ಣಾರೆ ಕಂಡಿದ್ದಾರೆ.

ಉಪಾಧ್ಯಾಯಿನಿ ಕೀಲಿಕೈಗಾಗಿ ಮೂರು ತಿಂಗಳು ವಾದಿಸಿದರು; ಕೊನೆಗೆ ಗೆದ್ದರು. ಆದರೆ ಆ ಗೆಲುವು ಒಂದು ವಿಚಿತ್ರವಾದ ಬಂಧನವನ್ನು ತಂದಿತು. 'ನನಗೇನೂ ಆಗಿಲ್ಲ' ಎಂದು ವಾದಿಸಿ ಪಡೆದ ಕೀಲಿಕೈಯಲ್ಲವೇ? ಇನ್ನು ಏನಾದರೂ ಆದರೂ ಹೇಳುವ ಹಾಗಿಲ್ಲ! ಎಡಗಾಲು ಜೋಮು ಹಿಡಿದಂತಾದ ದಿನವೂ ನಗುತ್ತಲೇ ಕಾರು ಹತ್ತಿದರು. ಚಪ್ಪಲಿ ಜಾರಿದ್ದು ಕಾಲಿಗೆ ತಿಳಿಯದ ದಿನವೂ ಕ್ಲಚ್ ತುಳಿದರು. ಒಂದು ಸಂಜೆ ಮುಂದಿದ್ದ ಕಬ್ಬಿನ ಟ್ರಾಕ್ಟರು ಥಟ್ಟನೆ ನಿಂತಿತು. ಬ್ರೇಕಿನ ಮೇಲಿಟ್ಟ ಬಲಗಾಲೇನೋ ಮಾತು ಕೇಳಿತು. ಆದರೆ ಒಂದು ಗಳಿಗೆ ತಡವಾಗಿ ಕೇಳಿತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಸಾಗುತ್ತದೆ. ಅಂದಿನ ವೇಗ ಅದರ ಅರ್ಧವಿದ್ದುದರಿಂದ ಕಬ್ಬಿನ ತುದಿಗಳು ಕಾರಿನ ಗಾಜನ್ನು ಸವರಿದವು, ಅಷ್ಟೆ. ಮನೆಗೆ ಬಂದು ಯಾರೊಡನೆಯೂ ಹೇಳಲಿಲ್ಲ. ಗಾಜಿಗಂಟಿದ್ದ ಸೋಗೆಯ ಚೂರನ್ನು ಒರೆಸಿ ಎಸೆದರು.

ಅದನ್ನು ಅತ್ತೆ ಕಂಡರು. ಆ ಹಿರಿಯ ಜೀವಕ್ಕೆ ಬಚ್ಚಿಡುವುದರ ಅನುಭವವಿತ್ತು. ಹಿಂದೆ ಕಣ್ಣಿಗೆ ಪೊರೆ ಬಂದಾಗ, ಹೇಳಿದರೆ ಒಲೆಯ ಮುಂದೆ ಕೂರಗೊಡುವುದಿಲ್ಲವೆಂದು ವರ್ಷವಿಡೀ ಮುಚ್ಚಿಟ್ಟು, ಕಡೆಗೊಂದು ದಿನ ಮುದ್ದೆಯ ಎಸರನ್ನು ಕೈಮೇಲೆ ಚೆಲ್ಲಿಕೊಂಡವರು ಅವರು. ಆ ರಾತ್ರಿ ಮಗನನ್ನು ಕರೆದು ಅವರು ಆಡಿದ್ದು ಒಂದೇ ಮಾತು: "ನೀನು ಕೀ ಬಚ್ಚಿಟ್ರೆ ಅವಳು ಕಾಯಿಲೆ ಬಚ್ಚಿಡ್ತಾಳೆ ಕಣ್ಲಾ." ಮರುದಿನ ನಡುಮನೆಯ ಗೋಡೆಗೆ, ಕ್ಯಾಲೆಂಡರಿನ ಪಕ್ಕದಲ್ಲಿ ಒಂದು ಮೊಳೆ ಹೊಡೆಸಿದರು. ಕೀಲಿಕೈ ಅಲ್ಲಿ ತೂಗತಕ್ಕದ್ದು. ತೆಗೆದುಕೊಂಡರೆ ಯಾರೂ ಬೇಡವೆನ್ನಬಾರದು. ತೆಗೆದುಕೊಳ್ಳದಿದ್ದರೆ ಯಾರೂ ಯಾಕೆಂದು ಕೇಳಬಾರದು. ಇದು ಆ ಮನೆಯ ಕಾನೂನಾಯಿತು.

ಸರಕಾರದ ಕಾನೂನು ಏನೆನ್ನುತ್ತದೆ? 1988ರ ಮೋಟಾರು ವಾಹನಗಳ ಅಧಿನಿಯಮದ ಮೇರೆಗೆ, ಸಾರ್ವಜನಿಕರಿಗೆ ಅಪಾಯ ತರಬಹುದಾದ ಕಾಯಿಲೆಯುಳ್ಳವರಿಗೆ ಲೈಸೆನ್ಸನ್ನು ನಿರಾಕರಿಸಬಹುದು. ಆದರೆ ಅಂಗವೈಕಲ್ಯಕ್ಕೆ ತಕ್ಕಂತೆ ಮಾರ್ಪಡಿಸಿದ ವಾಹನವನ್ನು ನಡೆಸಬಲ್ಲವರಿಗೆ ಅಷ್ಟರಮಟ್ಟಿನ ಲೈಸೆನ್ಸನ್ನು ಕೊಡಲೂಬಹುದು. ಅರ್ಜಿಯೊಡನೆ ತುಂಬಿಕೊಡುವ ನಮೂನೆ 1ರಲ್ಲಿ ಪ್ರಶ್ನೆಗಳಿವೆ: 25 ಮೀಟರ್ ದೂರದ ಕಾರಿನ ನಂಬರನ್ನು ಒಂದೊಂದು ಕಣ್ಣಿನಿಂದಲೂ ಓದಬಲ್ಲಿರಾ? ಕೈಕಾಲುಗಳ ಚಲನೆಯಲ್ಲಿ, ಹತೋಟಿಯಲ್ಲಿ, ಬಲದಲ್ಲಿ ಕೊರತೆಯುಂಟೆ? ಉತ್ತರ ಹೌದು ಇಲ್ಲವೆ ಇಲ್ಲ. ಇಂದು ಹೌದು, ನಾಳೆ ಇಲ್ಲ ಎನ್ನುವ ದೇಹಕ್ಕೆ ಆ ಕಾಗದದಲ್ಲಿ ಸ್ಥಳವಿಲ್ಲ. ಇನ್ನೊಂದೆಡೆ, ಅಂಗವೈಕಲ್ಯವುಳ್ಳವರ ಹಕ್ಕುಗಳಿಗಾಗಿ 2016ರಲ್ಲಿ ಆದ ಅಧಿನಿಯಮವು ಹೆಸರಿಸುವ 21 ಬಗೆಯ ವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡ ಸೇರಿದೆ. ಕಾನೂನು ಹಕ್ಕನ್ನು ಕೊಟ್ಟೀತು, ಎಚ್ಚರಿಕೆಯನ್ನೂ ಹೇಳೀತು. ಪ್ರತಿದಿನ ಬೆಳಿಗ್ಗೆ ಮನೆಗೆ ಬಂದು ಕಾಲನ್ನು ಪರೀಕ್ಷಿಸಲಾರದು.

ಆದ್ದರಿಂದ ಉಪಾಧ್ಯಾಯಿನಿ ಆ ನಮೂನೆಯ ಪ್ರಶ್ನೆಗಳನ್ನು ತಾವೇ ದಿನಚರಿಗೆ ಸೇರಿಸಿಕೊಂಡರು. ಬೆಳಿಗ್ಗೆ ಜಗಲಿಯ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ, ಬೀದಿಯ ಕೊನೆಯಲ್ಲಿ ನಿಂತ ವಾಹನದ ನಂಬರನ್ನು ಓದುವುದು. ಮತ್ತೊಂದು ಕಣ್ಣು ಮುಚ್ಚಿ ಓದುವುದು. ದಾಸವಾಳ ಎರಡು ಕಣ್ಣಿಗೂ ಒಂದೇ ಕೆಂಪೇ ಎಂದು ನೋಡುವುದು. ಬಳಿಕ ಕುರ್ಚಿಯಲ್ಲಿ ಕುಳಿತು ಬಲಪಾದವನ್ನು ಎಡಕ್ಕೂ ಬಲಕ್ಕೂ ಬೇಗ ಬೇಗ ಇಪ್ಪತ್ತು ಸಲ ಸರಿಸುವುದು. ಇಷ್ಟರಲ್ಲಿ ಒಂದು ತಪ್ಪಿದರೂ ಕೀಲಿಕೈ ಮೊಳೆಯ ಮೇಲೆಯೇ ಉಳಿಯುತ್ತದೆ. ಇದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ. ಆರು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋದಾಗ ಅಲ್ಲಿಯ ಮಾತೇ ಕೊನೆಯ ಮಾತು.

ಆ ಕಾನೂನಿನ ಬೆಲೆ ತಿಳಿದದ್ದು ಒಂದು ಯುಗಾದಿಯಂದು. ಅತ್ತೆ ಎಣ್ಣೆಯೊತ್ತಿ, ಹಂಡೆಯ ಬಿಸಿನೀರು ಹೊಯ್ದು ಅಭ್ಯಂಜನ ಮಾಡಿಸಿದರು. ಬಚ್ಚಲಿನಿಂದ ಹೊರಬರುವಷ್ಟರಲ್ಲಿ ಬಲಗಣ್ಣಿನ ಮುಂದೆ ಮಂಜು ಕವಿಯಿತು. ಮೈ ಬಿಸಿಯೇರಿದರೆ ಹೊದಿಕೆ ಕಳೆದುಕೊಂಡ ನರಗಳು ಸಂದೇಶ ಸಾಗಿಸಲು ಸೋಲುತ್ತವೆ, ತಣಿದರೆ ಚೇತರಿಸಿಕೊಳ್ಳುತ್ತವೆ. ಜರ್ಮನಿಯ ನೇತ್ರವೈದ್ಯ ಊಟ್‌ಹಾಫ್ 1890ರಲ್ಲಿಯೇ ಇಂಥ ಮಸುಕನ್ನು ಗಮನಿಸಿ ಬರೆದಿಟ್ಟಿದ್ದ. ಮದ್ದೂರಿನಲ್ಲಿದ್ದ ತಾಯಿಯ ಮನೆಗೆ ಒಬ್ಬಟ್ಟಿನ ಡಬ್ಬಿಯೊಡನೆ ಹೊರಡಬೇಕಾಗಿತ್ತು. ಮಗಳು ಹೊಸ ಲಂಗ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಹಿಂದಿನ ದಿನಗಳಾಗಿದ್ದರೆ ಉಪಾಧ್ಯಾಯಿನಿ ಕಣ್ಣುಜ್ಜಿಕೊಂಡು ಹೊರಟುಬಿಡುತ್ತಿದ್ದರು. ಅಂದು ಮೊಳೆಯತ್ತ ನೋಡಿ, "ಇವತ್ತು ಬೇಡ" ಎಂದರು. ಮನೆಯಲ್ಲಿ ಯಾರೂ ಮಾತನಾಡಲಿಲ್ಲ. ಮಗಳು ಲಂಗವನ್ನು ಮಂಡಿಯವರೆಗೆ ಎತ್ತಿಕೊಂಡು ಅಜ್ಜಿಯ ಪಕ್ಕದಲ್ಲಿ ಕುಳಿತು ಒಬ್ಬಟ್ಟು ತಿಂದಳು. ಮುಕ್ಕಾಲು ಗಂಟೆಯಲ್ಲಿ ಕಣ್ಣು ತಿಳಿಯಾಯಿತು; ಆದರೂ ಅಂದು ಕಾರು ಹೊರಡಲಿಲ್ಲ.

ಮಾರನೆಯ ದಿನ ಗಂಡ ತಾವಾಗಿಯೇ ಬಂದು, "ನನಗೂ ಕಾರ್ ಕಲಿಸ್ತೀಯಾ?" ಎಂದು ಕೇಳಿದರು. ಎತ್ತು ಹೂಡಿ ಉಳುವುದನ್ನು, ಟ್ರಾಕ್ಟರು ನಡೆಸುವವರನ್ನು ಬೈಯುವುದನ್ನು ಬಲ್ಲ ಆ ಮನುಷ್ಯ, ನಲವತ್ತೆರಡನೆಯ ವಯಸ್ಸಿನಲ್ಲಿ ಕಲಿಕೆಯ ಲೈಸೆನ್ಸ್ ಮಾಡಿಸಿ, ಹೆಂಡತಿಯ ಪಕ್ಕದಲ್ಲಿ ಬೆವರಿ, ಗೇರು ಹಾಕುವಾಗಲೆಲ್ಲ ಹಲ್ಲು ಕಚ್ಚಿ ಕಾರು ಕಲಿತರು. ಮರುವರ್ಷ ಹಳೆಯ ಕಾರನ್ನು ಮಾರಿ, ಎಡಗಾಲಿಗೆ ಕೆಲಸವಿಲ್ಲದ, ಕ್ಲಚ್ಚಿಲ್ಲದ ಕಾರನ್ನು ತಂದರು. ಬಲಗಾಲೂ ಕೈಕೊಡುವ ಕಾಲ ಬಂದರೆ ಬ್ರೇಕನ್ನೂ ವೇಗವನ್ನೂ ಕೈಯಿಂದಲೇ ನಡೆಸುವಂತೆ ಕಾರನ್ನು ಮಾರ್ಪಡಿಸಬಹುದು. ಅದಕ್ಕೆ ಸಾರಿಗೆ ಕಚೇರಿಯ ಒಪ್ಪಿಗೆ ಬೇಕು. ಆ ದಿನವೂ ಬರಬಹುದು, ಬಾರದೆಯೂ ಇರಬಹುದು. ಈ ವ್ಯಾಧಿಯ ಹಾದಿ ಒಬ್ಬೊಬ್ಬರಲ್ಲಿ ಒಂದೊಂದು ಬಗೆ.

ಸ್ವಾತಂತ್ರ್ಯವೆಂದರೆ ಯಾವಾಗಲೂ ಮುಂದೆ ಹೋಗುತ್ತಿರುವುದೆಂದು ನಾವು ಭಾವಿಸುತ್ತೇವೆ. ಕಾಯಿಲೆಯವರ ವಿಷಯದಲ್ಲಿಯಂತೂ ಅವರು ಹೋರಾಡಬೇಕು, ಗೆಲ್ಲಬೇಕು, ಎಂದೂ ಸೋಲೊಪ್ಪಬಾರದು ಎಂದು ಹುರಿದುಂಬಿಸುವುದೇ ನಮ್ಮ ರೂಢಿ. ಆ ಹುರುಪಿನ ಮಾತುಗಳ ಎದುರಿಗೆ 'ಇಂದು ನನ್ನಿಂದಾಗದು' ಎಂಬ ಸತ್ಯವನ್ನಾಡುವುದು ಎಷ್ಟು ಕಷ್ಟವೆಂಬುದನ್ನು ನಾವು ಯೋಚಿಸುವುದಿಲ್ಲ. ಹೋಗಬೇಡವೆಂದು ತಡೆಯುವವರ ಎದುರಿನಲ್ಲಿಯೂ ಆ ಸತ್ಯ ಹೊರಡುವುದಿಲ್ಲ. ಹೋಗಲೇಬೇಕೆಂದು ನೂಕುವವರ ಎದುರಿನಲ್ಲಿಯೂ ಹೊರಡುವುದಿಲ್ಲ. ಕೀಲಿಕೈ ಕೈಗೆಟುಕುವಲ್ಲಿ ತೂಗುತ್ತಿರಬೇಕು, ಕಾರಣ ಕೇಳುವವರು ಇರಬಾರದು. ಆಗ ಮಾತ್ರ ಹೊರಡುತ್ತದೆ. ರಸ್ತೆಯಲ್ಲಿ ಎದುರಿಗೆ ಬರುವ ಅಪರಿಚಿತರ ಪ್ರಾಣಕ್ಕೂ ಆ ಸತ್ಯವೇ ಕಾವಲು.

ಈಗ ಕೊಪ್ಪದ ಆ ಮನೆಯಿಂದ ಕಾರು ಹೊರಟಾಗ ಸ್ಟೀರಿಂಗ್ ಯಾರ ಕೈಯಲ್ಲಿದೆಯೆಂದು ಬೀದಿಯವರು ವಿಶೇಷವಾಗಿ ನೋಡುವುದಿಲ್ಲ. ಕೆಲವು ದಿನ ಉಪಾಧ್ಯಾಯಿನಿ ನಡೆಸುತ್ತಾರೆ. ಕೆಲವು ದಿನ ಗಂಡ ನಡೆಸುತ್ತಾರೆ. ಉಪಾಧ್ಯಾಯಿನಿ ಪಕ್ಕದಲ್ಲಿ ಕುಳಿತು ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಾ, ತಿರುವಿನಲ್ಲಿ ಹಾರನ್ ಮಾಡಲಿಲ್ಲವೆಂದು ಗದರುತ್ತಾರೆ. ಕಾರನ್ನು ಇನ್ನೂ ಊರಿನವರೆಲ್ಲ 'ಟೀಚರಮ್ಮನ ಕಾರು' ಎಂದೇ ಕರೆಯುತ್ತಾರೆ.