ಸುಳ್ಳು ಗುರುತಿಸುವವಳಿಗೆ ಏನೆನ್ನಬೇಕು?

ಮನೆಯಲ್ಲಿ ಯಾರೇ ಸುಳ್ಳು ಹೇಳಲಿ, ನನಗೆ ಗೊತ್ತಾಗಿಬಿಡುತ್ತದೆ. ನಿಮಗೂ ಹಾಗೇ ಅಲ್ಲವೆ? ಮಗ ಟ್ಯೂಷನ್ನಿಗೆ ಹೋಗಿದ್ದೆ ಅಂದರೆ, ಚಪ್ಪಲಿಗೆ ಮೆತ್ತಿದ ಕೆರೆಯ ಕೆಸರು ಬೇರೆ ಕಥೆ ಹೇಳುತ್ತದೆ. 'ಹೋಟೆಲಿನಲ್ಲಿ ಏನೂ ತಿಂದಿಲ್ಲ ಕಣೇ' ಅನ್ನುವ ನಮ್ಮವರು ಅವತ್ತು ಎರಡನೇ ಸಲ ಸಾರು ಹಾಕಿಸಿಕೊಳ್ಳುವುದಿಲ್ಲ. ಈ ನನ್ನ ಗುಣಕ್ಕೆ ಅವರಿಟ್ಟ ಹೆಸರು 'ಸಿ.ಐ.ಡಿ.' ಅತ್ತೆಯವರಂತೂ 'ಅನುಮಾನದ ಬುದ್ಧಿ' ಅನ್ನುತ್ತಿದ್ದರು. ಎರಡೂ ನನಗೆ ಹಿಡಿಸಲಿಲ್ಲ.

ಆದರೆ ಅತ್ತೆಯ ಮಾತು ಒಮ್ಮೆ ನಿಜವೇ ಆಯಿತು. ಬೆಳ್ಳಿಯ ಕುಂಕುಮ ಭರಣಿ ಕಾಣಲಿಲ್ಲ. ಕೇಳಿದರೆ ಕೆಲಸದಾಕೆ ತಲೆ ತಗ್ಗಿಸಿ, ಸೆರಗು ತಿರುಚುತ್ತಾ, 'ನಾ ಕಾಣೆ ಅಕ್ಕಾವ್ರೇ' ಅಂತ ತೊದಲಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದುಕೊಂಡು ಬಾಯಿಗೆ ಬಂದದ್ದು ಅಂದುಬಿಟ್ಟೆ. ಮೂರನೇ ದಿನ ಭರಣಿ ನನ್ನ ರೇಷ್ಮೆ ಸೀರೆಯ ಮಡಿಕೆಯಲ್ಲೇ ಸಿಕ್ಕಿತು. ಅವಳು ಮತ್ತೆ ಬರಲಿಲ್ಲ. ಹೆದರಿದವರೂ ತಲೆ ತಗ್ಗಿಸುತ್ತಾರೆ ಅನ್ನೋದು ನನಗೆ ಹೊಳೆಯಲೇ ಇಲ್ಲ, ನೋಡಿ.

ಪೊಲೀಸರ ಸುಳ್ಳುಪತ್ತೆ ಯಂತ್ರದ ಪಾಡೂ ಇಷ್ಟೇ. ಅದು ಅಳೆಯುವುದು ಉಸಿರು, ನಾಡಿ, ರಕ್ತದೊತ್ತಡ, ಬೆವರನ್ನು, ಸುಳ್ಳನ್ನಲ್ಲ. ನಿಜ ಹೇಳುವವರಿಗೂ ಭಯವಾದರೆ ಬೆವರುತ್ತದಲ್ಲ! ನಮ್ಮ ಕರ್ನಾಟಕದಿಂದ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ, ಒಪ್ಪಿಗೆಯಿಲ್ಲದೆ ಯಾರನ್ನೂ ಈ ಪರೀಕ್ಷೆಗೆ ಕೂರಿಸಬಾರದು ಎಂದಿತು.

ಹೋದ ತಿಂಗಳು, ಮದುವೆಯಾಗಿ ಹೋದ ಮಗಳು ಫೋನ್ ಮಾಡಿದಳು. ನಾನು ಕೇಳುವ ಮೊದಲೇ 'ಚೆನ್ನಾಗಿದ್ದೀನಮ್ಮ' ಅಂದಳು. ಯಾವಾಗಲೂ ಕರು, ಬಸಳೆ ಚಪ್ಪರ, ತಮ್ಮನ ತಂಟೆ ಎಲ್ಲ ವಿಚಾರಿಸುವವಳು ಅವತ್ತು ಒಂದೂ ಕೇಳಲಿಲ್ಲ. 'ಸುಳ್ಳು ಹೇಳಬೇಡ' ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಭರಣಿ ನೆನಪಾಗಿ ನುಂಗಿಕೊಂಡೆ. 'ನಾಳೆ ಬರ್ತೀನಿ, ಪುಳಿಯೋಗರೆ ಗೊಜ್ಜು ತರ್ತೀನಿ' ಅಂದೆ, ಅಷ್ಟೇ. ಆ ಕಡೆಯಿಂದ ಅಳು ಕೇಳಿಸಿತು. ಎರಡು ತಿಂಗಳ ಗರ್ಭ ನಿಲ್ಲದೆ ಹೋಗಿತ್ತಂತೆ. ಅಮ್ಮ ನೊಂದುಕೊಳ್ಳುತ್ತಾಳೆಂದು ಮುಚ್ಚಿಟ್ಟಿದ್ದಳು. ಮಾರನೆಯ ದಿನ ಹೋಗಿ ಒಂದು ವಾರ ಅವಳ ಜೊತೆಗಿದ್ದು ಬಂದೆ.

ಪಕ್ಕದ ಮನೆಯ ನಿವೃತ್ತ ಕನ್ನಡ ಮೇಷ್ಟ್ರಿಗೆ ಇದನ್ನೆಲ್ಲ ಹೇಳಿ, 'ಇದಕ್ಕೆ ಸರಿಯಾದ ಪದ ಇದೆಯಾ ಸಾರ್?' ಅಂದೆ. 'ಇಂಗಿತಜ್ಞೆ ಅನ್ನಿ ತಾಯಿ' ಅಂದರು. ಬಾಯಿಬಿಟ್ಟು ಹೇಳದೆ ಮುಖದಲ್ಲೋ ದನಿಯಲ್ಲೋ ತೋರುವ ಮನಸ್ಸಿನ ಭಾವವೇ ಇಂಗಿತ. ಅದನ್ನು ಬಲ್ಲವಳು ಇಂಗಿತಜ್ಞೆ. ಆ ಪದದಲ್ಲಿ ಸುಳ್ಳೂ ಇಲ್ಲ, ಕಳ್ಳನೂ ಇಲ್ಲ. ಮನಸ್ಸು ಮಾತ್ರ ಇದೆ. ನನಗೆ ಬಹಳ ಹಿಡಿಸಿತು.

ಆದರೆ ಆ ಹೆಸರನ್ನು ಇಟ್ಟುಕೊಳ್ಳುವ ಮೊದಲು ಒಂದು ಕೆಲಸ ಬಾಕಿ ಇದೆ. ಬರುವ ಶುಕ್ರವಾರ ಆ ಕೆಲಸದಾಕೆಯ ಮನೆಗೆ ಹೋಗಿ, 'ತಪ್ಪು ನನ್ನದಮ್ಮ' ಅಂತ ಹೇಳಿ ಬರಬೇಕು.

ನಿಮ್ಮ ಕಡೆ ಇದಕ್ಕೆ ಇನ್ನೂ ಒಳ್ಳೆಯ ಮಾತಿದ್ದರೆ ನನಗೂ ತಿಳಿಸುತ್ತೀರಲ್ಲ?